ಸಿಸ್ಟಮ್ ಸೈರನ್ ಹೊಡೆಯುತ್ತಲೇ ಇದೆಯಾ? ಕಾರಣ ಹುಡುಕುವ ಕ್ರಮ

ಕಂಪ್ಯೂಟರ್ ಆನ್ ಆಗಿದೆ, ವಿಂಡೋಸ್ ಬಂದಿದೆ, ಕೆಲಸವೂ ನಡೆಯುತ್ತಿದೆ. ಆದರೆ ಕ್ಯಾಬಿನೆಟ್ ಒಳಗಿಂದ ಆಂಬುಲೆನ್ಸ್ ಥರ ಎರಡು ಸ್ವರದ ಸದ್ದು ಒಂದೇ ಸಮನೆ ಬರುತ್ತಿದೆ. ವಾಲ್ಯೂಮ್ ಸೊನ್ನೆಗೆ ಇಳಿಸಿದರೂ ನಿಲ್ಲುತ್ತಿಲ್ಲ. ರೀಸ್ಟಾರ್ಟ್ ಮಾಡಿದರೆ ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಶುರು. ಈ ಬರಹ ಆ ಸದ್ದಿನ ಬಗ್ಗೆ.

ಆನ್ ಮಾಡಿದ ತಕ್ಷಣ ಎಣಿಕೆಯಲ್ಲಿ ಬರುವ ಬೀಪ್‌ಗಳ ಕಥೆ ಬೇರೆ. ಸ್ಕ್ರೀನ್ ಬರುವ ಮೊದಲು ಬೋರ್ಡ್, ಅಂದರೆ ಎಲ್ಲ ಭಾಗಗಳೂ ಕೂತಿರುವ ಮದರ್‌ಬೋರ್ಡ್, ತನ್ನನ್ನು ತಾನೇ ಪರೀಕ್ಷೆ ಮಾಡಿಕೊಳ್ಳುತ್ತದೆ. ಅದರಲ್ಲಿ ಏನು ಫೇಲ್ ಆಯಿತು ಎಂದು ಆ ಬೀಪ್‌ಗಳು ಹೇಳುತ್ತವೆ. ಸೈರನ್ ಹಾಗಲ್ಲ. ಸಿಸ್ಟಮ್ ಓಡುತ್ತಿರುವಾಗ ಯಾವುದೋ ಒಂದು ಅಳತೆ ಮಿತಿ ದಾಟಿದೆ ಎಂಬುದು ಅದರ ಅರ್ಥ. ಹೆಚ್ಚಿನ ಸಲ ಆ ಅಳತೆ ಮೂರರಲ್ಲಿ ಒಂದು: ಬಿಸಿ, ಫ್ಯಾನಿನ ವೇಗ, ಇಲ್ಲವೇ ವೋಲ್ಟೇಜ್. ಹಾಗಾಗಿ ಬೀಪ್ ಕೋಡ್ ಪಟ್ಟಿ ಹುಡುಕುತ್ತಾ ಕೂತರೆ ಸಮಯ ಹಾಳು. ರ‍್ಯಾಮ್ ತೆಗೆದು ರಬ್ಬರಿನಲ್ಲಿ ಉಜ್ಜಿ ಹಾಕುವುದು, ವಿಂಡೋಸ್ ಹೊಸದಾಗಿ ಹಾಕಿಸುವುದು, ಇವುಗಳಿಂದಲೂ ಈ ಸದ್ದು ನಿಲ್ಲುವುದಿಲ್ಲ. ಅಂಗಡಿಗೆ ತೆಗೆದುಕೊಂಡು ಹೋದರೆ ಮೊದಲು ಹೇಳುವುದು ಮಾತ್ರ ಅದನ್ನೇ!

ಶುರು ಮಾಡುವ ಮೊದಲು ಒಂದು ಎಚ್ಚರಿಕೆ. ಸೈರನ್ ಜೊತೆ ಸುಟ್ಟ ವಾಸನೆ ಬರುತ್ತಿದ್ದರೆ, ಅಥವಾ ಪ್ರೊಸೆಸರ್ ಮೇಲಿನ ಫ್ಯಾನ್ ತಿರುಗುತ್ತಲೇ ಇಲ್ಲ ಎಂದು ಕಣ್ಣಿಗೆ ಕಂಡರೆ, ಓದುವುದನ್ನು ಆಮೇಲೆ ಮಾಡಿ. ಮೊದಲು ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತುಬಿಡಿ.

ಸದ್ದು ಬರುತ್ತಿರುವುದು ಎಲ್ಲಿಂದ?

ಇದು ಪೆದ್ದು ಪ್ರಶ್ನೆ ಅನ್ನಿಸಬಹುದು. ಆದರೆ ಎಷ್ಟೋ ಸಲ ಕೂಗುತ್ತಿರುವುದು ಕಂಪ್ಯೂಟರೇ ಅಲ್ಲ, ಮೇಜಿನ ಕೆಳಗಿರುವ ಯುಪಿಎಸ್. ಕರೆಂಟ್ ಇದ್ದೂ ಯುಪಿಎಸ್ ಬೀಪ್ ಹೊಡೆಯುತ್ತಿದ್ದರೆ ಅದರ ಬ್ಯಾಟರಿ ಹೋಗಿರಬಹುದು, ಲೋಡ್ ಜಾಸ್ತಿಯಾಗಿರಬಹುದು, ಇಲ್ಲವೇ ಮನೆಗೆ ಬರುತ್ತಿರುವ ವೋಲ್ಟೇಜ್ 230ರಿಂದ ತುಂಬಾ ಕೆಳಗೆ ಇಳಿದಿರಬಹುದು. ಮನೆಗಳಲ್ಲಿರುವ ಚಿಕ್ಕ ಯುಪಿಎಸ್‌ಗಳಲ್ಲಿ ಸಾಮಾನ್ಯವಾಗಿ 12 ವೋಲ್ಟ್, 7 ಆಂಪಿಯರ್-ಅವರ್‌ನ ಸೀಲ್ಡ್ ಬ್ಯಾಟರಿ ಇರುತ್ತದೆ. ಅದು ಕೆಲವೇ ವರ್ಷಗಳಲ್ಲಿ ಸೋತುಹೋಗುವುದು ಮಾಮೂಲು. ಕ್ಯಾಬಿನೆಟ್ಟಿನ ವೈರನ್ನು ನೇರವಾಗಿ ಗೋಡೆಯ ಸಾಕೆಟ್ಟಿಗೆ ಹಾಕಿ, ಯುಪಿಎಸ್ ಆಫ್ ಮಾಡಿ ನೋಡಿ. ಸದ್ದು ನಿಂತಿತೇ? ಹಾಗಾದರೆ ಕ್ಯಾಬಿನೆಟ್ ಬಿಚ್ಚುವ ಅಗತ್ಯವೇ ಇಲ್ಲ.

ನಿಲ್ಲದಿದ್ದರೆ ಸೌಂಡ್ ಮ್ಯೂಟ್ ಮಾಡಿ. ವಿಂಡೋಸ್ 7ರಿಂದ ಈಚೆಗೆ ವಿಂಡೋಸ್ ಹೊಡೆಯುವ ಬೀಪ್ ಕೂಡ ಸೌಂಡ್ ಕಾರ್ಡ್ ಮೂಲಕವೇ ಬರುತ್ತದೆ. ಮ್ಯೂಟ್ ಮಾಡಿದಾಗ ನಿಂತರೆ ಅದು ಸಾಫ್ಟ್‌ವೇರಿನ ಸದ್ದು. ಡಿಸ್ಕ್ ಪರೀಕ್ಷಿಸುವ ತಂತ್ರಾಂಶವೋ, ಕೀಬೋರ್ಡಿನ ಫಿಲ್ಟರ್ ಕೀಸ್ ಸೆಟ್ಟಿಂಗೋ ಇರಬಹುದು. ಡಿಸ್ಕಿನ ಎಚ್ಚರಿಕೆಯಾಗಿದ್ದರೆ ಮಾತ್ರ ಅದನ್ನು ಸುಮ್ನೆ ಬಿಡಬೇಡಿ, ಫೈಲುಗಳ ಕಾಪಿ ಮೊದಲು ತೆಗೆದಿಟ್ಟುಕೊಳ್ಳಿ.

ಮ್ಯೂಟ್ ಆದರೂ ಕೂಗುತ್ತಿದ್ದರೆ ಪಕ್ಕದ ಬಾಗಿಲು ತೆಗೆದು, ನ್ಯೂಸ್ ಪೇಪರನ್ನು ಕೊಳವೆಯ ಹಾಗೆ ಸುತ್ತಿ ಒಂದು ತುದಿ ಕಿವಿಗೆ ಹಿಡಿದು ಹುಡುಕಿ. ಪೇಪರ್ ಫ್ಯಾನಿಗೆ ತಾಗದಂತೆ ನೋಡಿಕೊಳ್ಳಿ. ಸದ್ದಿನ ಮೂಲ ಬೋರ್ಡ್ ಮೇಲಿನ ಗುಂಡಗಿನ ಕಪ್ಪು ಬಝರ್ ಆಗಿರಬಹುದು, ಅಥವಾ ನಾಲ್ಕು ಪಿನ್ನಿನ ಸಾಕೆಟ್ಟಿಗೆ ಸಿಕ್ಕಿಸಿದ ಪುಟ್ಟ ಸ್ಪೀಕರ್ ಆಗಿರಬಹುದು. ಕೆಲವು ಹಳೆಯ ಗ್ರಾಫಿಕ್ಸ್ ಕಾರ್ಡುಗಳಿಗೆ ತಮ್ಮದೇ ಬಝರ್ ಇದೆ. ರೇಡ್ ಕಾರ್ಡ್ (ಹಲವು ಡಿಸ್ಕುಗಳನ್ನು ಒಟ್ಟಾಗಿ ನಡೆಸುವ ಕಾರ್ಡ್) ಇರುವ ಸಿಸ್ಟಮ್‌ಗಳಲ್ಲಿ ಒಂದು ಡಿಸ್ಕ್ ಕೈಕೊಟ್ಟ ಕೂಡಲೇ ಆ ಕಾರ್ಡೇ ಕಿರುಚುತ್ತದೆ. ಅಲಾರಂ ನಿಲ್ಲಿಸುವ ಆಯ್ಕೆ ಅದರ ಸಾಫ್ಟ್‌ವೇರಿನಲ್ಲಿ ಇರುತ್ತದೆ, ಆದರೆ ಡಿಸ್ಕ್ ಬದಲಾಯಿಸದೆ ಅದನ್ನು ಒತ್ತಿ ಮರೆತವರು ಎರಡನೇ ಡಿಸ್ಕ್ ಹೋದ ದಿನ ಅಳುತ್ತಾರೆ. ಹಾರ್ಡ್ ಡಿಸ್ಕಿನ ಮೋಟರ್ ತಿರುಗಲಾಗದೆ ಸಿಕ್ಕಿಕೊಂಡಾಗಲೂ ಬೀಪ್ ಥರದ ಸದ್ದು ಬರುತ್ತದೆ. ಅದು ಮೆಲ್ಲಗಿರುತ್ತದೆ, ಬಿಟ್ಟು ಬಿಟ್ಟು ಬರುತ್ತದೆ, ಸೈರನ್ ಹಾಗೆ ಮನೆಯೆಲ್ಲ ಕೇಳಿಸುವುದಿಲ್ಲ.

ಮೂಲ ಮದರ್‌ಬೋರ್ಡಿನ ಬಝರೇ ಎಂದು ಖಚಿತವಾದರೆ ಮುಂದೆ ಓದಿ.

ಬೋರ್ಡಿಗೆ ಹೇಗೆ ಗೊತ್ತಾಗುತ್ತದೆ

ಹೆಚ್ಚಿನ ಮದರ್‌ಬೋರ್ಡುಗಳಲ್ಲಿ ಸೂಪರ್ ಐಒ ಎಂಬ ಒಂದು ಚಿಪ್ ಇರುತ್ತದೆ. ಐಟಿಇ ಅಥವಾ ನುವೋಟಾನ್ ಎಂದು ಅದರ ಮೇಲೆ ಬರೆದಿರುವುದು ಜಾಸ್ತಿ. ಹಳೆಯ ಬೋರ್ಡ್ ಆದರೆ ವಿನ್‌ಬಾಂಡ್. ಬಿಸಿಯ ಸೆನ್ಸರುಗಳು, ಫ್ಯಾನುಗಳ ವೇಗದ ತಂತಿಗಳು, 12 ವೋಲ್ಟ್, 5 ವೋಲ್ಟ್ ಲೈನುಗಳು ಎಲ್ಲವೂ ಅದರೊಳಗೆ ಬಂದು ಸೇರುತ್ತವೆ. ಬಯಾಸ್, ಅಂದರೆ ಆನ್ ಮಾಡಿದಾಗ ಮೊದಲು ಓಡುವ, ಬೋರ್ಡಿನೊಳಗೇ ಇರುವ ತಂತ್ರಾಂಶ, ಅದಕ್ಕೆ ಮಿತಿಗಳನ್ನು ಹೇಳಿಕೊಡುತ್ತದೆ. ಮಿತಿ ದಾಟಿದರೆ ಬಝರ್ ಕೂಗುತ್ತದೆ. ಇದರಲ್ಲಿ ವಿಂಡೋಸಿನ ಪಾತ್ರ ಇಲ್ಲ. ವಿಂಡೋಸ್ ಹ್ಯಾಂಗ್ ಆಗಿದ್ದರೂ ಸೈರನ್ ಮುಂದುವರಿಯುವುದು ಅದಕ್ಕೇ.

ಇಂಥ ವ್ಯವಸ್ಥೆ ಯಾಕೆ ಬೇಕಿತ್ತು ಎಂದರೆ, 2001ರ ಸುಮಾರಿನ ಎಎಂಡಿ ಅಥ್ಲಾನ್ ಪ್ರೊಸೆಸರಿನ ಹೀಟ್‌ಸಿಂಕ್ (ಅದರ ಬಿಸಿ ಹೀರುವ ಲೋಹದ ತುಂಡು) ಕಳಚಿಬಿದ್ದರೆ ಅದು ಕೆಲವೇ ಸೆಕೆಂಡುಗಳಲ್ಲಿ ಸುಟ್ಟುಹೋಗುತ್ತಿತ್ತು. ಇವತ್ತಿನ ಪ್ರೊಸೆಸರುಗಳು ಅಷ್ಟು ಸುಲಭವಾಗಿ ಸಾಯುವುದಿಲ್ಲ. ಬಿಸಿ ಜಾಸ್ತಿಯಾದರೆ ತಾವೇ ವೇಗ ಇಳಿಸಿಕೊಳ್ಳುತ್ತವೆ, ಅದಕ್ಕೂ ಬಗ್ಗದಿದ್ದರೆ ಸಿಸ್ಟಮ್ಮನ್ನೇ ಆಫ್ ಮಾಡುತ್ತವೆ. ಸೈರನ್ ಬರುವುದು ಸಾಮಾನ್ಯವಾಗಿ ಈ ಹಂತಗಳಿಗಿಂತ ಮುಂಚೆ. ಅಂದರೆ ನಿಮಗೆ ಸ್ವಲ್ಪ ಸಮಯ ಇದೆ. ಆದರೆ ಸದ್ದು ತಡೆಯಲಾರದೆ ಸ್ಪೀಕರ್ ಕಿತ್ತಿಟ್ಟು ತಿಂಗಳುಗಟ್ಟಲೆ ಓಡಿಸುವವರನ್ನು ನೋಡಿದ್ದೇನೆ. ಅಂಥ ಸಿಸ್ಟಮ್ 'ಈಚೆಗೆ ಸ್ಲೋ ಆಗಿದೆ' ಎಂಬ ದೂರಿನೊಂದಿಗೆ ಮತ್ತೆ ರಿಪೇರಿಗೆ ಬರುತ್ತದೆ.

ಎಷ್ಟು ಹೊತ್ತಿಗೆ ಶುರುವಾಗುತ್ತದೆ, ಗಮನಿಸಿ

ಸ್ಕ್ರೂಡ್ರೈವರ್ ಹಿಡಿಯುವ ಮೊದಲು ಇದನ್ನು ನೋಡಿದರೆ ಕೆಲಸ ಅರ್ಧ ಮುಗಿದ ಹಾಗೆ. ರಾತ್ರಿಯಿಡೀ ಆಫ್ ಆಗಿದ್ದ ಸಿಸ್ಟಮ್ಮನ್ನು ಬೆಳಗ್ಗೆ ಆನ್ ಮಾಡಿ, ನೇರ ಬಯಾಸ್ ಒಳಗೆ ಹೋಗಿ (ಹೇಗೆ ಎಂದು ಮುಂದಿದೆ) ಕಾಯಿರಿ.

ಆನ್ ಮಾಡಿದ ಕೂಡಲೇ ಕೂಗಿದರೆ ಬಿಸಿಯ ಅನುಮಾನ ಕಡಿಮೆ, ಯಾಕೆಂದರೆ ತಣ್ಣಗಿರುವ ಹೀಟ್‌ಸಿಂಕ್ ಬಿಸಿಯಾಗಲು ಸಮಯ ಬೇಕು. ಫ್ಯಾನಿನ ವೇಗ ಓದಲು ಆಗುತ್ತಿಲ್ಲ, ವೋಲ್ಟೇಜ್ ತಪ್ಪಿದೆ, ಅಥವಾ ಹೀಟ್‌ಸಿಂಕ್ ಪ್ರೊಸೆಸರಿಗೆ ತಾಗುತ್ತಲೇ ಇಲ್ಲ. ಐದು-ಹತ್ತು ನಿಮಿಷ ಬಿಟ್ಟು ಶುರುವಾದರೆ ಬಿಸಿ. ಗೇಮ್ ಆಡುವಾಗ, ವಿಡಿಯೊ ಎಡಿಟ್ ಮಾಡುವಾಗ ಮಾತ್ರ ಬಂದು, ಕೆಲಸ ನಿಲ್ಲಿಸಿದ ಕೂಡಲೇ ನಿಂತರೆ ಬಿಸಿ ಅಥವಾ ಎಸ್‌ಎಂಪಿಎಸ್ (ಸಿಸ್ಟಮ್ಮಿಗೆ ವಿದ್ಯುತ್ ಕೊಡುವ ಡಬ್ಬಿ) ಸುಸ್ತು. ಮೇಜು ಅಲುಗಿದಾಗ, ಕ್ಯಾಬಿನೆಟ್ಟಿಗೆ ಕಾಲು ತಾಗಿದಾಗ ಬಂದು ಹೋಗುತ್ತಿದ್ದರೆ ಯಾವುದೋ ಕನೆಕ್ಟರ್ ಲೂಸ್. ಏಪ್ರಿಲ್-ಮೇ ತಿಂಗಳ ಮಧ್ಯಾಹ್ನ ಮಾತ್ರ ಬಂದರೆ? ಕಲಬುರಗಿ, ರಾಯಚೂರು ಕಡೆ ಕೋಣೆಯೊಳಗೇ 38-40 ಡಿಗ್ರಿ ಇರುವಾಗ ಹೀಟ್‌ಸಿಂಕ್ ಅದಕ್ಕಿಂತ ತಣ್ಣಗಿರಲು ಸಾಧ್ಯವಿಲ್ಲ ಅಲ್ವಾ. ಮಿತಿಯ ಅಂಚಿನಲ್ಲೇ ಓಡುತ್ತಿದ್ದ ಸಿಸ್ಟಮ್ ಬೇಸಿಗೆಯಲ್ಲಿ ಆಚೆ ದಾಟುತ್ತದೆ ಅಷ್ಟೆ.

ಬಯಾಸ್‌ನಲ್ಲಿ ಒಂದು ಪುಟ

ಆನ್ ಮಾಡಿದಾಗ ಡಿಲೀಟ್ ಅಥವಾ ಎಫ್2 ಒತ್ತಿದರೆ ಬಯಾಸ್ ಬರುತ್ತದೆ. ಪಿಸಿ ಹೆಲ್ತ್ ಸ್ಟೇಟಸ್, ಹಾರ್ಡ್‌ವೇರ್ ಮಾನಿಟರ್, ಮಾನಿಟರ್ ಇಂಥ ಯಾವುದಾದರೂ ಹೆಸರಿನ ಪುಟ ಹುಡುಕಿ. ಅಲ್ಲಿರುವ ಅಂಕಿಗಳನ್ನು ಫೋನಿನಲ್ಲಿ ಫೋಟೊ ತೆಗೆದುಕೊಳ್ಳಿ. ಹತ್ತು ನಿಮಿಷದ ನಂತರ ಇನ್ನೊಂದು ಫೋಟೊ. ಎರಡನ್ನೂ ಹೋಲಿಸಿ ನೋಡಿದರೆ ಯಾವುದು ಓಡುತ್ತಿದೆ, ಯಾವುದು ನಿಂತಿದೆ ಗೊತ್ತಾಗುತ್ತದೆ.

ಅದೇ ಪುಟದಲ್ಲಿ ಎಚ್ಚರಿಕೆಯ ಸೆಟ್ಟಿಂಗುಗಳೂ ಇರುತ್ತವೆ. ಸಿಪಿಯು ವಾರ್ನಿಂಗ್ ಟೆಂಪರೇಚರ್ ಎಂಬಲ್ಲಿ ಹಲವು ಬೋರ್ಡುಗಳು 60, 70, 80, 90 ಡಿಗ್ರಿ ಎಂಬ ಆಯ್ಕೆ ಕೊಡುತ್ತವೆ. ಯಾರೋ ಅದನ್ನು 60ಕ್ಕೆ ಇಟ್ಟಿದ್ದರೆ ಆರೋಗ್ಯವಾಗಿರುವ ಸಿಸ್ಟಮ್ ಕೂಡ ದಿನಕ್ಕೆ ಹತ್ತು ಸಲ ಕೂಗುತ್ತದೆ. ಇಂಟೆಲ್‌ನ ಬಹಳಷ್ಟು ಡೆಸ್ಕ್‌ಟಾಪ್ ಪ್ರೊಸೆಸರುಗಳು ವೇಗ ಇಳಿಸಿಕೊಳ್ಳುವುದು 100 ಡಿಗ್ರಿ ಹತ್ತಿರ, ಎಎಂಡಿ ರೈಜನ್‌ಗಳಲ್ಲಿ ಹಲವು 95ರ ಹತ್ತಿರ. ಹೀಗಿರುವಾಗ ಹೊಸ ಪ್ರೊಸೆಸರಿಗೆ 60ರ ಮಿತಿ ಸುಮ್ನೆ ಕಿರಿಕಿರಿ. 80 ಅಥವಾ 90 ಸಾಕು. ಹಳೆಯ ಕೋರ್ 2 ಡ್ಯುಯೋ ಕಾಲದ ಸಿಸ್ಟಮ್ ಆದರೆ 70 ಇರಲಿ.

ಇನ್ನೊಂದು ವಿಷಯ. ವಿಂಡೋಸಿನಲ್ಲಿ ಸುಮ್ಮನೆ ಕೂತಾಗ 38 ಡಿಗ್ರಿ ತೋರಿಸುವ ಪ್ರೊಸೆಸರ್ ಬಯಾಸ್‌ನಲ್ಲಿ 50 ತೋರಿಸಬಹುದು. ಬಯಾಸ್ ಪುಟದಲ್ಲಿರುವಾಗ ಪ್ರೊಸೆಸರ್ ವಿದ್ಯುತ್ ಉಳಿಸುವ ಸ್ಥಿತಿಗೆ ಹೋಗುವುದಿಲ್ಲ. ಅದನ್ನು ನೋಡಿ ಗಾಬರಿಯಾಗಬೇಡಿ. 75ರ ಮೇಲೆ ಹೋಗಿ ಏರುತ್ತಲೇ ಇದ್ದರೆ ಮಾತ್ರ ಗಾಬರಿಯಾಗಿ.

ಫ್ಯಾನ್ ತಿರುಗುತ್ತಿದೆ, ಆದರೂ ಸೊನ್ನೆ

ಫ್ಯಾನಿನ ಮೂರು ತಂತಿಗಳಲ್ಲಿ ಎರಡು ವಿದ್ಯುತ್ತಿಗೆ, ಮೂರನೆಯದು ವೇಗ ಹೇಳಲು. ಫ್ಯಾನ್ ಒಂದು ಸುತ್ತು ತಿರುಗಿದರೆ ಈ ತಂತಿಯಲ್ಲಿ ಎರಡು ಪಲ್ಸ್ ಬರುತ್ತವೆ. ಅವನ್ನು ಎಣಿಸಿ ಬೋರ್ಡ್ ವೇಗ ಲೆಕ್ಕ ಹಾಕುತ್ತದೆ. ನಾಲ್ಕು ತಂತಿಯ ಫ್ಯಾನ್ ಆದರೆ ನಾಲ್ಕನೆಯದು ವೇಗ ಹೆಚ್ಚು ಕಡಿಮೆ ಮಾಡಲು. ವೇಗ ಹೇಳುವ ತಂತಿ ಮೂರು ಪಿನ್ನಿನ ಫ್ಯಾನುಗಳಲ್ಲಿ ಸಾಮಾನ್ಯವಾಗಿ ಹಳದಿ. ಇಂಟೆಲ್‌ನ ನಾಲ್ಕು ಪಿನ್ನಿನ ಫ್ಯಾನುಗಳಲ್ಲಿ ಅದು ಹಸಿರು, ಅಲ್ಲಿ ಹಳದಿ ಎಂದರೆ 12 ವೋಲ್ಟ್. ಬಣ್ಣ ನಂಬಿ ತಂತಿ ಕತ್ತರಿಸಿ ಜೋಡಿಸುವವರು ಇದನ್ನು ನೆನಪಿಟ್ಟುಕೊಳ್ಳಿ.

ಈ ಒಂದು ತಂತಿ ತುಂಡಾದರೆ ಫ್ಯಾನ್ ಜೋರಾಗಿ ತಿರುಗುತ್ತಿದ್ದರೂ ಬೋರ್ಡಿಗೆ ಸೊನ್ನೆ ಕಾಣುತ್ತದೆ. ಕೂಡಲೇ ಸೈರನ್. ಫ್ಯಾನನ್ನು ಬೋರ್ಡಿಗೆ ಹಾಕದೆ ಎಸ್‌ಎಂಪಿಎಸ್‌ನ ದೊಡ್ಡ ನಾಲ್ಕು ಪಿನ್ನಿಗೆ ಹಾಕಿದ್ದರೂ ಅದೇ ಕಥೆ, ಆ ಕನೆಕ್ಟರಿನಲ್ಲಿ ವೇಗದ ತಂತಿ ಇರುವುದಿಲ್ಲ. ಎರಡು ಫ್ಯಾನಿಗೆ ಒಂದೇ ಸಾಕೆಟ್ ಹಂಚುವ ವೈರ್ ಹಾಕಿದ್ದರೆ ಬೋರ್ಡಿಗೆ ಗೊತ್ತಾಗುವುದು ಒಂದರ ವೇಗ ಮಾತ್ರ.

ಒಂದು ಡಿಟಿಪಿ ಅಂಗಡಿಯ ಸಿಸ್ಟಮ್ ನೆನಪಾಗುತ್ತದೆ. ಧೂಳು ತೆಗೆಸಿ ತಂದ ದಿನದಿಂದ ಸೈರನ್. ಬಿಸಿ 45 ಡಿಗ್ರಿ, ಫ್ಯಾನ್ ಚೆನ್ನಾಗಿ ತಿರುಗುತ್ತಿದೆ, ವೋಲ್ಟೇಜ್ ಸರಿಯಾಗಿದೆ. ಬಯಾಸ್ ಪುಟ ನೋಡಿದರೆ ಸಿಪಿಯು ಫ್ಯಾನ್ ಎದುರು ಸೊನ್ನೆ, ಸಿಸ್ಟಮ್ ಫ್ಯಾನ್ ಎದುರು 1,800. ಕ್ಲೀನ್ ಮಾಡಿದವರು ಫ್ಯಾನಿನ ವೈರನ್ನು ಪಕ್ಕದ ಸಾಕೆಟ್ಟಿಗೆ ಹಾಕಿದ್ದರು! ಆ ಎರಡೂ ಸಾಕೆಟ್ ನೋಡಲು ಒಂದೇ ಥರ, ನಡುವೆ ಎರಡು ಬೆರಳಿನ ಅಂತರ. ಬೋರ್ಡಿನ ಮೇಲೆ ಸಣ್ಣ ಅಕ್ಷರದಲ್ಲಿ ಸಿಪಿಯು ಫ್ಯಾನ್ ಎಂದು ಬರೆದಿರುತ್ತದೆ, ಟಾರ್ಚ್ ಹಾಕಿ ಓದಿ. ಅಲ್ಲಿಗೆ ಬದಲಾಯಿಸಿದ ಕೂಡಲೇ ಅಂಗಡಿ ಶಾಂತವಾಯಿತು.

ಇದರ ತಿರುವುಮುರುವು ಕೂಡ ಆಗುತ್ತದೆ. ಸದ್ದು ಮಾಡದ ಒಳ್ಳೆಯ ಫ್ಯಾನ್ ತಂದು ಹಾಕಿದ್ದೀರಿ, ಅದು ನಿಧಾನವಾಗಿ 400-500 ಆರ್‌ಪಿಎಂನಲ್ಲಿ (ನಿಮಿಷಕ್ಕೆ ಅಷ್ಟು ಸುತ್ತು) ತಿರುಗುತ್ತದೆ. ಬೋರ್ಡಿನ ಕನಿಷ್ಠ ಮಿತಿ 600. ಫ್ಯಾನ್ ಸತ್ತಿದೆ ಎಂದು ಬೋರ್ಡ್ ತಿಳಿದುಕೊಳ್ಳುತ್ತದೆ. ಬಯಾಸ್‌ನಲ್ಲಿ ಫ್ಯಾನ್ ಸ್ಪೀಡ್ ಲೋ ಲಿಮಿಟ್ ಎಂಬುದನ್ನು 200 ಅಥವಾ 300ಕ್ಕೆ ಇಳಿಸಿದರೆ ಆಯಿತು. ನೀರಿನ ಕೂಲರ್ ಇದ್ದವರು ಪಂಪಿನ ವೈರನ್ನು ಎಲ್ಲಿ ಹಾಕಿದ್ದಾರೆ ನೋಡಬೇಕು. ಸಿಪಿಯು ಫ್ಯಾನ್ ಸಾಕೆಟ್ ಖಾಲಿ ಇದ್ದರೆ ಕೂಗುವುದು ಸಹಜ.

ಬ್ರಾಂಡೆಡ್ ಆಫೀಸ್ ಸಿಸ್ಟಮ್‌ಗಳನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡವರಿಗೆ ಒಂದು ಮಾತು. ಡೆಲ್, ಎಚ್‌ಪಿಯ ಇಂಥ ಸಿಸ್ಟಮ್‌ಗಳಲ್ಲಿ ಹಲವಕ್ಕೆ ಫ್ಯಾನಿನ ಕನೆಕ್ಟರ್, ಪಿನ್ನುಗಳ ಕ್ರಮ ಎಲ್ಲ ತಮ್ಮದೇ. ಮಾಮೂಲಿ ಫ್ಯಾನ್ ಹೇಗೋ ಜೋಡಿಸಿದರೆ ತಿರುಗಬಹುದು, ಆದರೆ ಪ್ರತಿ ಸಲ ಆನ್ ಮಾಡಿದಾಗ ಫ್ಯಾನ್ ಫೇಲ್ ಎಂಬ ಸಂದೇಶ ಬಂದು ಎಫ್1 ಒತ್ತು ಎನ್ನುತ್ತದೆ. ಕೆಲವು ಎಚ್‌ಪಿ ಸಿಸ್ಟಮ್‌ಗಳಲ್ಲಿ ಅದು 90ಬಿ ಎಂಬ ನಂಬರಿನೊಂದಿಗೆ ಬರುತ್ತದೆ. ಅದೇ ಮಾದರಿಯ ಫ್ಯಾನ್ ಹುಡುಕಿ ಹಾಕುವುದೇ ಒಳ್ಳೆಯದು. ಬೆಂಗಳೂರಿನಲ್ಲಾದರೆ ಎಸ್‌ಪಿ ರೋಡಿನಲ್ಲಿ ಬಿಚ್ಚಿದ ಸಿಸ್ಟಮ್‌ಗಳ ಫ್ಯಾನ್ ವಿಚಾರಿಸಿ ನೋಡಬಹುದು. ಪಾರ್ಟ್ ನಂಬರಿನ ಫೋಟೊ ತೋರಿಸಿ ಕೇಳಿ.

ನಿಜವಾಗಿಯೂ ಫ್ಯಾನೇ ನಿಧಾನವಾಗಿದ್ದರೆ ಧೂಳು ತೆಗೆಯಿರಿ. ಬ್ಲೋವರ್ ಹೊಡೆಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಳ್ಳಿ. ಗಾಳಿಗೆ ಅದು ಹುಚ್ಚು ವೇಗದಲ್ಲಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ. ಬೇರಿಂಗ್ ಒಣಗಿ ಕರಕರ ಎನ್ನುತ್ತಿದ್ದರೆ ಸ್ಟಿಕರ್ ಎತ್ತಿ ಎಣ್ಣೆ ಬಿಡುವ ಉಪಾಯ ಎಲ್ಲರಿಗೂ ಗೊತ್ತು. ಅದು ತಾತ್ಕಾಲಿಕ, ಹೊಸ ಫ್ಯಾನ್ ತನಕ ಮಾತ್ರ.

ನಿಜವಾದ ಬಿಸಿ

ಪ್ರೊಸೆಸರ್ 85-90 ಡಿಗ್ರಿ ತೋರಿಸುತ್ತಿದೆ, ಫ್ಯಾನ್ ಸರಿಯಾಗಿದೆ. ಈಗ ಹೀಟ್‌ಸಿಂಕಿನ ಬುಡದ ಹತ್ತಿರ ಬೆರಳ ತುದಿ ಒಮ್ಮೆ ತಾಗಿಸಿ ನೋಡಿ. ಇಡೀ ಹುಡುಕಾಟದಲ್ಲಿ ಇದಕ್ಕಿಂತ ಬೆಲೆಯುಳ್ಳ ಪರೀಕ್ಷೆ ಇನ್ನೊಂದಿಲ್ಲ, ಖರ್ಚೂ ಇಲ್ಲ. ಹೀಟ್‌ಸಿಂಕ್ ಸುಡುತ್ತಿದ್ದರೆ ಬಿಸಿ ಪ್ರೊಸೆಸರಿನಿಂದ ಅದಕ್ಕೆ ಬರುತ್ತಿದೆ, ಆದರೆ ಅಲ್ಲಿಂದ ಹೊರಗೆ ಹೋಗುತ್ತಿಲ್ಲ. ಧೂಳು, ಗಾಳಿಯ ದಾರಿ, ಕ್ಯಾಬಿನೆಟ್ ಫ್ಯಾನ್ ನೋಡಿ. ಹೀಟ್‌ಸಿಂಕ್ ತಣ್ಣಗಿದ್ದು ಅಂಕಿ ಮಾತ್ರ 90 ಇದ್ದರೆ ಎರಡರ ನಡುವೆ ಸಂಪರ್ಕವೇ ಸರಿಯಿಲ್ಲ. ಆನ್ ಮಾಡಿದ ಒಂದೆರಡು ನಿಮಿಷದೊಳಗೆ 90ಕ್ಕೆ ಹಾರಿದರೂ ಇದೇ ಅರ್ಥ.

ಸಂಪರ್ಕ ತಪ್ಪಲು ಇಂಟೆಲ್ ಸಿಸ್ಟಮ್‌ಗಳಲ್ಲಿ ದೊಡ್ಡ ಕಾರಣ ಪ್ರೊಸೆಸರ್ ಜೊತೆಗೇ ಬರುವ ಕೂಲರಿನ (ಹೀಟ್‌ಸಿಂಕ್, ಫ್ಯಾನ್ ಎರಡೂ ಸೇರಿದ್ದು) ಪ್ಲಾಸ್ಟಿಕ್ ಪಿನ್ನುಗಳು. 2004ರಲ್ಲಿ 775 ಸಾಕೆಟ್ಟಿನ ಜೊತೆ ಬಂದ ಈ ನಾಲ್ಕು ಒತ್ತು-ಪಿನ್ನುಗಳ ವಿನ್ಯಾಸವನ್ನು ಇಂಟೆಲ್ ವರ್ಷಗಟ್ಟಲೆ ಬಿಡಲಿಲ್ಲ. ನನಗಂತೂ ಅವುಗಳ ಮೇಲೆ ಸ್ವಲ್ಪವೂ ಪ್ರೀತಿ ಇಲ್ಲ. ನಾಲ್ಕರಲ್ಲಿ ಒಂದು ಪಿನ್ ಬಿಟ್ಟುಕೊಂಡರೂ ಕೂಲರ್ ಒಂದು ಕಡೆ ಎದ್ದುನಿಲ್ಲುತ್ತದೆ. ಮೇಲಿಂದ ನೋಡಿದರೆ ಎಲ್ಲ ಸರಿ ಇರುವಂತೆಯೇ ಕಾಣುತ್ತದೆ. ಕ್ಯಾಬಿನೆಟ್ಟನ್ನು ಸ್ಕೂಟರಿನಲ್ಲೋ ಬಸ್ಸಿನಲ್ಲೋ ಸಾಗಿಸಿದ ಮೇಲೆ ಸೈರನ್ ಶುರುವಾಗಿದ್ದರೆ ನನ್ನ ಮೊದಲ ಅನುಮಾನ ಇದರ ಮೇಲೆಯೇ.

ಪಿನ್ ಪರೀಕ್ಷೆ ಹೀಗೆ. ಪ್ಲಗ್ ಕಿತ್ತು, ಪವರ್ ಬಟನ್ ಕೆಲವು ಸೆಕೆಂಡ್ ಒತ್ತಿ ಹಿಡಿದು ಉಳಿದ ಚಾರ್ಜ್ ಖಾಲಿ ಮಾಡಿ. ಪ್ರತಿ ಪಿನ್ನನ್ನು ಮೆಲ್ಲಗೆ ಮೇಲಕ್ಕೆ ಎಳೆದು ನೋಡಿ. ಸಡಿಲವಿರುವುದು ಕೈಗೇ ಗೊತ್ತಾಗುತ್ತದೆ. ಬೋರ್ಡಿನ ಬೆನ್ನು ಕಾಣುವಂತಿದ್ದರೆ ನಾಲ್ಕೂ ತೂತಿನಲ್ಲಿ ಪಿನ್ನಿನ ಬಿಳಿ ತುದಿ ಪೂರ್ತಿ ಹೊರಬಂದು ಅರಳಿರಬೇಕು. ಸಡಿಲವಿರುವುದನ್ನು ಹಾಗೇ ಒತ್ತಿ ಕೂರಿಸಲು ಹೋಗಬೇಡಿ. ಒಮ್ಮೆ ಎದ್ದ ಕೂಲರಿನ ಕೆಳಗೆ, ಪ್ರೊಸೆಸರಿನ ಬಿಸಿ ದಾಟಿಸಲು ಹಚ್ಚಿದ ಥರ್ಮಲ್ ಪೇಸ್ಟಿನಲ್ಲಿ ಗಾಳಿ ಸೇರಿರುತ್ತದೆ. ಪೂರ್ತಿ ತೆಗೆದು, ಹಳೆಯ ಪೇಸ್ಟ್ ಒರೆಸಿ, ಹೊಸದಾಗಿ ಹಾಕಿ ಕೂರಿಸುವುದೇ ಸರಿ.

ತೆಗೆಯುವಾಗ ಪಿನ್ನಿನ ತಲೆಯ ಮೇಲಿರುವ ಬಾಣದ ದಿಕ್ಕಿಗೆ ತಿರುಗಿಸಿ ಮೇಲಕ್ಕೆ ಎಳೆಯಬೇಕು. ಹಾಕುವ ಮೊದಲು ಅದನ್ನು ವಾಪಸ್ ತಿರುಗಿಸಿಡಬೇಕು. ಇದನ್ನು ಮರೆತರೆ ಎಷ್ಟು ಒತ್ತಿದರೂ ಪಿನ್ ನಿಲ್ಲುವುದಿಲ್ಲ. ಒತ್ತುವಾಗ ಎದುರುಬದುರು ಮೂಲೆಯ ಎರಡನ್ನು ಒಟ್ಟಿಗೆ, ಆಮೇಲೆ ಇನ್ನೆರಡು. ಪ್ರತಿ ಪಿನ್ನಿಗೂ 'ಟಕ್' ಎಂಬ ಸದ್ದು ಬರಬೇಕು. ಎಎಂಡಿಯ ಎಎಂ4 ಸಾಕೆಟ್ ಆದರೆ ಅಪಾಯ ಬೇರೆ ಥರದ್ದು. ಒಣಗಿದ ಪೇಸ್ಟ್ ಅಂಟಾಗಿ ಹಿಡಿದು, ಕೂಲರ್ ಎಳೆದಾಗ ಪ್ರೊಸೆಸರೂ ಅದರ ಜೊತೆ ಕಿತ್ತು ಬರುತ್ತದೆ, ಪಿನ್ನುಗಳು ಬಾಗುತ್ತವೆ. ಹಾಗಾಗಿ ಸಿಸ್ಟಮ್ಮನ್ನು ಸ್ವಲ್ಪ ಹೊತ್ತು ಓಡಿಸಿ ಬೆಚ್ಚಗೆ ಮಾಡಿ, ಆಫ್ ಮಾಡಿ ಪ್ಲಗ್ ಕಿತ್ತ ನಂತರ ಕೂಲರನ್ನು ಎಡಕ್ಕೆ ಬಲಕ್ಕೆ ಮೆಲ್ಲಗೆ ತಿರುಗಿಸಿ ಬಿಡಿಸಿ. ನೇರ ಮೇಲಕ್ಕೆ ಎಳೆಯಬೇಡಿ.

ಪೇಸ್ಟ್ ಎಷ್ಟು ಹಾಕಬೇಕು ಎಂಬ ಜಗಳ ಮುಗಿಯುವಂಥದ್ದಲ್ಲ. ಮಾಮೂಲಿ ಗಾತ್ರದ ಪ್ರೊಸೆಸರಿಗೆ ನಡುವೆ ಒಂದು ಬಟಾಣಿ ಕಾಳಿಗಿಂತ ಸ್ವಲ್ಪ ಕಡಿಮೆ ಸಾಕು, ಕೂಲರ್ ಒತ್ತಿದಾಗ ಅದೇ ಹರಡಿಕೊಳ್ಳುತ್ತದೆ. ಹಳೆಯದನ್ನು ಒರೆಸಲು ಐಸೊಪ್ರೊಪೈಲ್ ಆಲ್ಕೊಹಾಲ್ ಮತ್ತು ನೂಲು ಬಿಡದ ಬಟ್ಟೆ ಬಳಸಿ.

ಕ್ಯಾಬಿನೆಟ್ ಬಾಗಿಲು ತೆಗೆದಿಟ್ಟಾಗ ಸೈರನ್ ಬರುವುದಿಲ್ಲ, ಮುಚ್ಚಿದರೆ ಬರುತ್ತದೆ ಎಂದಾದರೆ ಪ್ರೊಸೆಸರ್, ಕೂಲರ್ ಎರಡೂ ಸರಿಯಾಗಿವೆ. ಒಳಗಿನ ಗಾಳಿ ಹೊರಗೆ ಹೋಗುತ್ತಿಲ್ಲ. ಹಿಂದಿನ ಫ್ಯಾನ್ ಗಾಳಿಯನ್ನು ಹೊರಗೆ ದಬ್ಬುತ್ತಿದೆಯೇ ಎಂದು ಒಂದು ಟಿಶ್ಯೂ ಹಿಡಿದು ನೋಡಿ. ತಿರುವುಮುರುವಾಗಿ ಕೂರಿಸಿದ ಫ್ಯಾನುಗಳು ನೀವಂದುಕೊಂಡದ್ದಕ್ಕಿಂತ ಜಾಸ್ತಿ. ಮೇಜಿನ ಮರದ ಗೂಡಿನೊಳಗೆ ಕ್ಯಾಬಿನೆಟ್ ತುರುಕಿ, ಹಿಂದೆ ಗೋಡೆಗೆ ಅಂಟಿಸಿಟ್ಟಿದ್ದರೆ ಮೊದಲು ಅದನ್ನು ಹೊರಗೆಳೆಯಿರಿ.

ವೋಲ್ಟೇಜ್

ಬಿಸಿಯೂ ಸರಿ, ಫ್ಯಾನೂ ಸರಿ ಎಂದಾಗ ಉಳಿಯುವುದು ಇದು. ಎಸ್‌ಎಂಪಿಎಸ್‌ಗಳಿಗೆ ಬಹುಕಾಲದಿಂದ ಇದ್ದ ಎಟಿಎಕ್ಸ್ ಎಂಬ ನಿಯಮದ ಪ್ರಕಾರ ಮುಖ್ಯ ಲೈನುಗಳಲ್ಲಿ ಶೇಕಡಾ 5ರಷ್ಟು ಏರಿಳಿತ ಒಪ್ಪಿಗೆ. ಅಂದರೆ 12 ವೋಲ್ಟ್ ಲೈನ್ 11.4ರಿಂದ 12.6ರವರೆಗೆ, 5 ವೋಲ್ಟ್ ಲೈನ್ 4.75ರಿಂದ 5.25ರವರೆಗೆ ಇರಬಹುದು. 3.3 ವೋಲ್ಟ್ ಲೈನಿಗೆ ಸುಮಾರು 3.14ರಿಂದ 3.47.

ಬಯಾಸ್ ಅಥವಾ ಸಾಫ್ಟ್‌ವೇರ್ ತೋರಿಸುವ ವೋಲ್ಟೇಜನ್ನು ಪೂರ್ತಿ ನಂಬಬೇಡಿ. 12 ವೋಲ್ಟನ್ನು ಚಿಪ್ ನೇರ ಓದುವುದಿಲ್ಲ, ರೆಸಿಸ್ಟರ್‌ಗಳ ಮೂಲಕ ಇಳಿಸಿ ಓದುತ್ತದೆ. ಯಾವ ಲೆಕ್ಕದಲ್ಲಿ ಇಳಿಸಿದೆ ಎಂದು ಸಾಫ್ಟ್‌ವೇರಿಗೆ ಗೊತ್ತಿಲ್ಲದಿದ್ದರೆ 8 ವೋಲ್ಟ್ ಎಂದೂ ತೋರಿಸೀತು. ನಿಜಕ್ಕೂ 12 ವೋಲ್ಟ್ ಲೈನ್ 8ಕ್ಕೆ ಇಳಿದಿದ್ದರೆ ಸಿಸ್ಟಮ್ ಓಡುತ್ತಲೇ ಇರುತ್ತಿರಲಿಲ್ಲ. ಅನುಮಾನ ಬಂದರೆ ಮಲ್ಟಿಮೀಟರ್ ತೆಗೆಯಿರಿ. ಡಿಸಿ 20 ವೋಲ್ಟ್ ರೇಂಜಿನಲ್ಲಿಟ್ಟು, ಬಳಸದೇ ಇರುವ ದೊಡ್ಡ ನಾಲ್ಕು ಪಿನ್ನಿನ ಕನೆಕ್ಟರಿನಲ್ಲಿ ಕಪ್ಪು ತಂತಿಗೂ ಹಳದಿಗೂ ನಡುವೆ ಅಳೆದರೆ 12, ಕಪ್ಪಿಗೂ ಕೆಂಪಿಗೂ ನಡುವೆ 5 ಬರಬೇಕು. ಅಳೆಯುವಾಗ ಮೀಟರಿನ ಎರಡು ಕಡ್ಡಿ ಒಂದಕ್ಕೊಂದು ತಾಗದಿರಲಿ. ಸುಮ್ಮನಿದ್ದಾಗ ಒಮ್ಮೆ, ಗೇಮ್ ಅಥವಾ ಭಾರಿ ಕೆಲಸ ಓಡುವಾಗ ಒಮ್ಮೆ ಅಳೆಯಿರಿ. ಸುಮ್ಮನಿದ್ದಾಗ 12.1 ಇದ್ದದ್ದು ಕೆಲಸದಲ್ಲಿ 11.3ಕ್ಕೆ ಕುಸಿದರೆ ಎಸ್‌ಎಂಪಿಎಸ್ ಬದಲಿಸುವ ಕಾಲ ಬಂದಿದೆ. ಅದನ್ನು ಬಿಚ್ಚಿ ರಿಪೇರಿ ಮಾಡಲು ಮಾತ್ರ ಹೋಗಬೇಡಿ. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರುಗಳಲ್ಲಿ ಚಾರ್ಜ್ ಉಳಿದಿರುತ್ತದೆ.

ಕ್ಯಾಬಿನೆಟ್ ಜೊತೆ ಉಚಿತವಾಗಿ ಬರುವ ಎಸ್‌ಎಂಪಿಎಸ್ ಮೇಲೆ 450 ವ್ಯಾಟ್ ಎಂದು ಬರೆದಿದ್ದರೂ ಅಷ್ಟು ಕೊಡುವ ಶಕ್ತಿ ಎಲ್ಲದಕ್ಕೂ ಇರುವುದಿಲ್ಲ. ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿದ ಮೇಲೆ ಸೈರನ್ ಬಂದಿದ್ದರೆ ಎರಡು ವಿಷಯ ನೋಡಿ. ಒಂದು, ಕಾರ್ಡಿನ ತಲೆಯ ಮೇಲಿನ ಪವರ್ ಕನೆಕ್ಟರ್ ಹಾಕಿದ್ದೀರಾ? ಬೋರ್ಡಿನ ಸ್ಲಾಟಿನಿಂದ ಕಾರ್ಡಿಗೆ ಸಿಗುವುದು 75 ವ್ಯಾಟ್ ಮಾತ್ರ. 6 ಪಿನ್ನಿನಿಂದ ಇನ್ನೊಂದು 75, 8 ಪಿನ್ನಿನಿಂದ 150. ಅದನ್ನು ಮರೆತರೆ ಬಝರ್ ಇರುವ ಕಾರ್ಡುಗಳು ಕಿವಿ ಹರಿಯುವಂತೆ ಒಂದೇ ಸ್ವರದಲ್ಲಿ ಕಿರುಚುತ್ತವೆ. ಈಚಿನವು ಸಾಮಾನ್ಯವಾಗಿ ಸ್ಕ್ರೀನಿನಲ್ಲಿ ಸಂದೇಶ ತೋರಿಸುತ್ತವೆ ಅಥವಾ ಕೆಂಪು ದೀಪ ಹಚ್ಚುತ್ತವೆ. ಎರಡು, ಒಟ್ಟು ಲೋಡನ್ನು ಎಸ್‌ಎಂಪಿಎಸ್ ತಡೆಯುತ್ತದೆಯೇ? ಹಳೆಯ ಕಾರ್ಡ್ ಹಾಕಿದಾಗ ಸದ್ದು ನಿಂತರೆ ಉತ್ತರ ಸಿಕ್ಕಿತು.

ಬೋರ್ಡಿನ ಮೇಲಿನ ನಾಣ್ಯದಂಥ ಬ್ಯಾಟರಿ, ಸಿಆರ್2032, ಇದರ 3 ವೋಲ್ಟನ್ನೂ ಕೆಲವು ಬೋರ್ಡುಗಳು ಗಮನಿಸುತ್ತವೆ. 2.7ರ ಕೆಳಗಿದ್ದರೆ ಬದಲಾಯಿಸಿ. ಬಹಳ ದುಡ್ಡಿನ ಮಾತಲ್ಲ. ಬದಲಾಯಿಸಿದ ಮೇಲೆ ಬಯಾಸ್ ಸೆಟ್ಟಿಂಗುಗಳು ಮೊದಲಿನ ಸ್ಥಿತಿಗೆ ಹೋಗಬಹುದು, ಎಚ್ಚರಿಕೆಯ ಮಿತಿಗಳನ್ನು ಮತ್ತೆ ನೋಡಿಕೊಳ್ಳಿ.

ಕೆಲವು ಬೋರ್ಡುಗಳು ಕ್ಯಾಬಿನೆಟ್ ತೆರೆದದ್ದಕ್ಕೂ ಎಚ್ಚರಿಕೆ ಕೊಡುತ್ತವೆ. ಬಯಾಸ್‌ನಲ್ಲಿ ಕೇಸ್ ಓಪನ್ ಅಥವಾ ಚಾಸಿ ಇಂಟ್ರೂಷನ್ ಎಂಬುದರ ಎದುರು ಯೆಸ್ ಎಂದಿದ್ದರೆ ಅದನ್ನು ರೀಸೆಟ್ ಮಾಡಿ. ಬೋರ್ಡಿನ ಮೇಲೆ ಆ ಹೆಸರಿನ ಪಿನ್ನುಗಳಿಗೆ ಹಾಕಿದ್ದ, ಎರಡು ಪಿನ್ ಜೋಡಿಸುವ ಚಿಕ್ಕ ಜಂಪರ್ ಬಿದ್ದುಹೋಗಿದೆಯೇ ಎಂದೂ ನೋಡಿ.

ಸೆನ್ಸರೇ ಸುಳ್ಳು ಹೇಳಿದರೆ

ವಿಂಡೋಸಿನಲ್ಲಿ ಎಚ್‌ಡಬ್ಲ್ಯೂಇನ್ಫೋ ಎಂಬ ತಂತ್ರಾಂಶ ಹಾಕಿಕೊಳ್ಳಿ, ಅದರಲ್ಲಿ ಪ್ರತಿ ಅಳತೆಯ ಕನಿಷ್ಠ, ಗರಿಷ್ಠ ಎರಡೂ ಕಾಣುತ್ತವೆ. ಲಿನಕ್ಸ್ ಬಳಸುವವರಿಗೆ ಎಲ್ಎಂ-ಸೆನ್ಸರ್ಸ್ ಇದೆ, ಮಿತಿ ದಾಟಿದ ಸಾಲಿನ ಪಕ್ಕದಲ್ಲೇ ಅಲಾರಂ ಎಂದು ಬರೆದು ತೋರಿಸುತ್ತದೆ. ಈ ಪಟ್ಟಿಯಲ್ಲಿ ಯಾವುದೋ ಒಂದು ಸೆನ್ಸರ್ 127 ಡಿಗ್ರಿ ಅಥವಾ ಮೈನಸ್ 128 ಡಿಗ್ರಿ ತೋರಿಸುತ್ತಾ ಅಲ್ಲಾಡದೆ ನಿಂತಿದ್ದರೆ ಅದು ನಿಜವಾದ ಬಿಸಿಯಲ್ಲ. ಚಿಪ್ಪಿನ ಆ ಕಾಲಿಗೆ ಏನೂ ಜೋಡಿಸಿಲ್ಲ ಅಥವಾ ಸೆನ್ಸರ್ ಹೋಗಿದೆ. ನಿಜವಾದ ಸೆನ್ಸರಿನ ಅಂಕಿ ಕೆಲಸಕ್ಕೆ ತಕ್ಕಂತೆ ಏರುತ್ತದೆ, ಇಳಿಯುತ್ತದೆ.

ಪ್ರೊಸೆಸರಿನ ಒಳಗೇ ಇರುವ ಸೆನ್ಸರುಗಳು ಕೋರ್ ಎಂಬ ಹೆಸರಿನಲ್ಲಿ ಪ್ರತ್ಯೇಕವಾಗಿ ಕಾಣುತ್ತವೆ. ಅವು 45 ಎನ್ನುತ್ತಿವೆ, ಹೀಟ್‌ಸಿಂಕ್ ಮುಟ್ಟಿದರೂ ಬೆಚ್ಚಗಷ್ಟೆ ಇದೆ, ಆದರೆ ಬೋರ್ಡಿನ ಸೆನ್ಸರ್ ಒಂದೇ 95 ಎನ್ನುತ್ತಿದೆ ಎಂದಾದರೆ ಮಾತು ನಂಬಬೇಕಾದ್ದು ಕೋರ್‌ಗಳದ್ದು. ಬಯಾಸ್ ಅಪ್‌ಡೇಟಿನಿಂದ ಇಂಥ ತಪ್ಪು ಓದು ಸರಿಹೋದ ಉದಾಹರಣೆಗಳಿವೆ, ತಯಾರಕರ ಪುಟದಲ್ಲಿ ನಿಮ್ಮ ಬೋರ್ಡಿನ ಹೊಸ ಆವೃತ್ತಿಯ ವಿವರ ಓದಿ ನೋಡಿ. ಅದಕ್ಕೂ ಸರಿಹೋಗದಿದ್ದರೆ ಆ ಒಂದು ಎಚ್ಚರಿಕೆಯನ್ನು ಮಾತ್ರ ಬಯಾಸ್‌ನಲ್ಲಿ ಡಿಸೇಬಲ್ ಮಾಡಿ. ಸಿಪಿಯು ಫ್ಯಾನ್ ಎಚ್ಚರಿಕೆ ಹಾಗೇ ಇರಲಿ. ಬದಲಿಗೆ ಎಚ್‌ಡಬ್ಲ್ಯೂಇನ್ಫೋದಲ್ಲಿ ಕೋರ್ ಬಿಸಿ 85 ದಾಟಿದರೆ ಸದ್ದು ಮಾಡುವಂತೆ ಇಟ್ಟುಕೊಳ್ಳಬಹುದು. ಸಾಫ್ಟ್‌ವೇರಿನಿಂದಲೇ ಬಯಾಸ್ ಅಪ್‌ಡೇಟ್ ಮಾಡುವಾಗ ಕರೆಂಟ್ ಹೋದರೆ ಬೋರ್ಡೇ ಹೋದೀತು, ಯುಪಿಎಸ್ ಇಲ್ಲದೆ ಆ ಕೆಲಸಕ್ಕೆ ಕೈ ಹಾಕಬೇಡಿ.

ರಿಪೇರಿಯಾದ ಮೇಲೆ ಬಾಗಿಲು ಮುಚ್ಚಿ, ಕ್ಯಾಬಿನೆಟ್ಟನ್ನು ಅದರ ಮಾಮೂಲಿ ಜಾಗದಲ್ಲೇ ಇಟ್ಟು ಪರೀಕ್ಷೆ ಮಾಡಿ. ಬಾಗಿಲು ತೆರೆದಿಟ್ಟು ಸೀಲಿಂಗ್ ಫ್ಯಾನ್ ಕೆಳಗೆ ಮಾಡಿದ ಪರೀಕ್ಷೆ ಲೆಕ್ಕಕ್ಕಿಲ್ಲ. ಅರ್ಧ ಗಂಟೆ ಭಾರಿ ಕೆಲಸ ಓಡಿಸಿ ಗರಿಷ್ಠ ಅಂಕಿಗಳನ್ನು ಬರೆದಿಟ್ಟುಕೊಳ್ಳಿ. ವಿಂಡೋಸ್ ತನ್ನ ಘಟನೆಗಳನ್ನು ದಾಖಲಿಸಿಡುವ ಇವೆಂಟ್ ವ್ಯೂವರಿನ ಸಿಸ್ಟಮ್ ಪಟ್ಟಿಯಲ್ಲಿ ಕರ್ನಲ್-ಪ್ರೊಸೆಸರ್-ಪವರ್ 37 ಎಂಬ ಎಚ್ಚರಿಕೆ ಹೊಸದಾಗಿ ಬಂದಿದ್ದರೆ ಫರ್ಮ್‌ವೇರ್ (ಅಂದರೆ ಬಯಾಸ್) ಇನ್ನೂ ಪ್ರೊಸೆಸರಿನ ವೇಗ ತಗ್ಗಿಸುತ್ತಿದೆ. ಕರ್ನಲ್-ಪವರ್ 41 ಬಂದಿದ್ದರೆ ಸಿಸ್ಟಮ್ ಸರಿಯಾಗಿ ಶಟ್‌ಡೌನ್ ಆಗದೆ ನಿಂತಿತ್ತು ಎಂದರ್ಥ. 37 ಕಂಡರೆ ಕೂಲರ್, 41 ಮಾತ್ರ ಕಂಡರೆ ಎಸ್‌ಎಂಪಿಎಸ್, ಆ ಕಡೆಯಿಂದ ಮತ್ತೊಮ್ಮೆ ಶುರು ಮಾಡಿ. ಎರಡೂ ಇಲ್ಲದೆ, ಅಂಕಿಗಳೂ ಮಿತಿಯೊಳಗಿದ್ದರೆ ಸ್ಪೀಕರ್ ಕಿತ್ತಿಟ್ಟಿದ್ದರೆ ಅದನ್ನು ವಾಪಸ್ ಅದರ ಪಿನ್ನುಗಳಿಗೆ ಸಿಕ್ಕಿಸಿ, ಸ್ಕ್ರೂ ಹಾಕಿ.